ಹಾಸಿಗೆಯ ನಾಲ್ಕು ಮೂಲೆ



ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. 1858ರಲ್ಲಿ ಇದೇ ದಿನ ಫ್ರಾನ್ಸ್ ದೇಶದ ಲೂರ್ದು ಎಂಬ ಪುಟ್ಟ ಊರಿನ ಗವಿಯ ಬಳಿ ಸೌದೆ ಆರಿಸಲು ಹೋಗಿದ್ದ ಬರ್ನಡೆಟ್ ಎಂಬ ಬಡ ಬಾಲೆಗೆ ಮಾತೆ ಮರಿಯಮ್ಮನವರು ದರ್ಶನವಿತ್ತರು. ಇದೇ ದಿನವನ್ನು ಧರ್ಮಸಭೆ ವಿಶ್ವ ರೋಗಿಗಳ ದಿನವನ್ನಾಗಿಯೂ ಆಚರಿಸುತ್ತದೆ. ಜಗದ್ಗುರು ಎರಡನೇ ಜಾನ್ ಪಾಲರು ಈ ದಿನವನ್ನು ಗೊತ್ತುಮಾಡಿದ್ದು 1992ರ ಮೇ 13ರಂದು, ಅಂದರೆ ಫಾತಿಮಾ ಮಾತೆಯ ಸ್ಮರಣೆಯ ದಿನ. ಮೊದಲ ಆಚರಣೆ ನಡೆದದ್ದು 1993ರಲ್ಲಿ. ಫಾತಿಮಾ ಮಾತೆಯ ಹೆಸರಿನ ದೇವಾಲಯದ ಆಸರೆಯಲ್ಲಿ ಬಾಳುವ ಜಾಲಹಳ್ಳಿಯ ನಮಗೆ ಈ ಎರಡು ದಿನಗಳ ನಂಟು ಹೆಚ್ಚಿನ ಸಂತೋಷ ತರುವಂಥದ್ದು.

ಲೂರ್ದನ್ನು ನೆನೆದೊಡನೆ ನಮಗೆ ಅಲ್ಲಿನ ನೀರಿನ ಬುಗ್ಗೆ ನೆನಪಾಗುತ್ತದೆ, ಗುಣ ಹೊಂದಿದವರ ಕಥೆಗಳು ನೆನಪಾಗುತ್ತವೆ. ಅಲ್ಲಿ ನಡೆಯುವ ಇನ್ನೊಂದು ಕೆಲಸ ಮಾತ್ರ ನಮ್ಮ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಲೂರ್ದಿಗೆ ಬರುವ ರೋಗಿಗಳಲ್ಲಿ ಎಷ್ಟೋ ಮಂದಿ ತಮ್ಮಷ್ಟಕ್ಕೆ ತಾವೇ ಗವಿಯ ಮುಂದೆ ಬಂದು ನಿಲ್ಲಲಾರರು. ಅವರನ್ನು ಯಾರೋ ಕರೆತರುತ್ತಾರೆ. ರೈಲಿನಿಂದ ಮೆಲ್ಲನೆ ಇಳಿಸುತ್ತಾರೆ, ಗಾಲಿಕುರ್ಚಿಯಲ್ಲಿ ಕೂರಿಸುತ್ತಾರೆ, ತಳ್ಳಿಕೊಂಡು ಬರುತ್ತಾರೆ. ಈ ಸೇವೆಗಾಗಿ 1885ರಲ್ಲಿ ಅಲ್ಲಿ ಸ್ವಯಂಸೇವಕರ ಸಂಘವೇ ಹುಟ್ಟಿತು, ಇಂದಿಗೂ ಅದು ನಡೆಯುತ್ತಿದೆ. ಅವರು ವೈದ್ಯರಲ್ಲ, ದಾದಿಯರಲ್ಲ. ರೋಗಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವುದೇ ಅವರ ಭಕ್ತಿ. ಈ ಹಬ್ಬದ ದಿನ ನಾವು ಧ್ಯಾನಿಸಬೇಕಾದದ್ದು ಈ ಭಕ್ತಿಯನ್ನೇ.

ಪ್ರಿಯರೇ, ಶುಭಸಂದೇಶದಲ್ಲಿಯೂ ಇಂಥದ್ದೇ ಒಂದು ಪ್ರಸಂಗವಿದೆ. ಸಂತ ಮಾರ್ಕನು ಎರಡನೇ ಅಧ್ಯಾಯದಲ್ಲಿ ಅದನ್ನು ಬರೆದಿದ್ದಾನೆ. ಪ್ರಭು ಯೇಸು ಕಫೆರ್ನವುಮ್ ಊರಿನ ಒಂದು ಮನೆಯಲ್ಲಿದ್ದಾರೆ. ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹಾಸಿಗೆಸಮೇತ ಹೊತ್ತು ತಂದಿದ್ದಾರೆ. ಆದರೆ ಬಾಗಿಲಲ್ಲಿ ಕಾಲಿಡಲೂ ಜಾಗವಿಲ್ಲ. ನಾಲ್ವರೂ ಹಿಂದಿರುಗಲಿಲ್ಲ. ಮಾಳಿಗೆ ಹತ್ತಿದರು, ಮೇಲ್ಛಾವಣಿಯನ್ನು ಬಿಚ್ಚಿದರು, ಹಾಸಿಗೆಯನ್ನು ಪ್ರಭುವಿನ ಮುಂದೆ ಇಳಿಬಿಟ್ಟರು. ಆಗ ಪ್ರಭು ನೋಡಿದ್ದು ಏನನ್ನು? ಹೊತ್ತು ತಂದವರ ವಿಶ್ವಾಸವನ್ನು ನೋಡಿದರೆಂದು ಸಂತ ಮಾರ್ಕನು ಹೇಳುತ್ತಾನೆ. ಆ ರೋಗಿ ಬಾಯಿ ಬಿಟ್ಟು ಏನನ್ನಾದರೂ ಕೇಳಿದನೆಂದು ಅಲ್ಲಿ ಬರೆದಿಲ್ಲ. ಹೊತ್ತವರ ಕೈಗಳೇ ಅವನ ಪರವಾಗಿ ಕೇಳಿದವು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಚಿತ್ರ ಸಂತ ಯೊವಾನ್ನನ ಶುಭಸಂದೇಶದ ಐದನೇ ಅಧ್ಯಾಯದಲ್ಲಿದೆ. ಜೆರುಸಲೇಮಿನ ಕೊಳದ ಬಳಿ ಒಬ್ಬ ಮನುಷ್ಯ 38 ವರ್ಷಗಳಿಂದ ಕಾಯಿಲೆಯಲ್ಲಿ ನರಳುತ್ತಿದ್ದ. ನೀರು ಕಣ್ಣೆದುರೇ ಇದೆ, ಕೆಲವೇ ಹೆಜ್ಜೆಗಳ ದೂರ. ಆದರೂ ಅವನಿಗೆ ಮುಟ್ಟಲಾಗಲಿಲ್ಲ. ಕಾರಣವನ್ನು ಅವನೇ ಪ್ರಭುವಿಗೆ ಹೇಳುತ್ತಾನೆ: ತನ್ನನ್ನು ಇಳಿಸುವವರು ಯಾರೂ ಇಲ್ಲವೆಂದು. ಕಫೆರ್ನವುಮಿನ ರೋಗಿಗೆ ನಾಲ್ವರಿದ್ದರು, ಈತನಿಗೆ ಒಬ್ಬರೂ ಇರಲಿಲ್ಲ. ಇಬ್ಬರನ್ನೂ ಪ್ರಭು ಗುಣಪಡಿಸಿದರು, ನಿಜ. ಆದರೆ ಈತ ಅಷ್ಟು ವರ್ಷ ನರಳಬೇಕಾಯಿತಲ್ಲ!

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಬೆಂಗಳೂರು ಆ ಕೊಳದಂತೆಯೇ ಇದೆ. ಇಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. 1886ರಲ್ಲಿ ಆರಂಭವಾದ ಸಂತ ಮಾರ್ತರ ಆಸ್ಪತ್ರೆಯಿಂದ ಹಿಡಿದು ಕೋರಮಂಗಲದ ಸಂತ ಯೊವಾನ್ನರ ಆಸ್ಪತ್ರೆಯವರೆಗೆ ನಮ್ಮ ಧರ್ಮಸಭೆಯವೇ ಎಷ್ಟೋ ಇವೆ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ನಾಡಿನ ಮೂಲೆಮೂಲೆಯಿಂದ, ನೆರೆ ರಾಜ್ಯಗಳಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಇಷ್ಟೆಲ್ಲ ಇರುವ ಊರಿನಲ್ಲಿಯೇ ವಾಸಿಸುವ ನಮ್ಮ ಅಕ್ಕತಂಗಿಯರು ರೋಗ ಬಲಿತ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ. ನೀರು ಕಣ್ಣೆದುರೇ ಇದೆ, ಇಳಿಸುವವರಿಲ್ಲ.

ಕ್ಯಾನ್ಸರ್ ಎಂಬ ಹೆಸರನ್ನು ಹಬ್ಬದ ದಿನ ಎತ್ತಬಾರದೆಂದು ಕೆಲವರಿಗೆ ಅನಿಸೀತು. ಹೆಸರು ಹೇಳಲು ಅಂಜುವುದರಿಂದಲೇ ಈ ರೋಗ ನಮ್ಮ ಮನೆಗಳಲ್ಲಿ ಅಡಗಿ ಕೂರುತ್ತದೆ. 2022ನೇ ಇಸವಿಯ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಸ್ತನದ ಕ್ಯಾನ್ಸರ್, ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿತು. ಗರ್ಭಕಂಠದ ಕ್ಯಾನ್ಸರಿಗೆ ಸುಮಾರು 80 ಸಾವಿರ ತಾಯಂದಿರು ಬಲಿಯಾದರು. ಇವರಲ್ಲಿ ಬಹಳಷ್ಟು ಮಂದಿ ಸಾಯಬೇಕಾಗಿರಲಿಲ್ಲ ಎಂಬುದೇ ದುಃಖದ ಸಂಗತಿ. ಗರ್ಭಕಂಠದ ಕ್ಯಾನ್ಸರ್ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಜೀವಕೋಶಗಳು ಕೆಡತೊಡಗಿ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ಕಂಡುಹಿಡಿದರೆ ಸಣ್ಣ ಚಿಕಿತ್ಸೆಯಲ್ಲಿಯೇ ತಡೆಯಬಹುದು.

ಕಂಡುಹಿಡಿಯುವ ವಿಧಾನವೂ ದೊಡ್ಡದೇನಲ್ಲ. ಬಾಯಿ, ಸ್ತನ, ಗರ್ಭಕಂಠ – ಈ ಮೂರು ಕ್ಯಾನ್ಸರುಗಳಿಗೆ 30 ವರ್ಷ ದಾಟಿದವರನ್ನು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಬಾಯಿಗೆ ಟಾರ್ಚ್ ಬಿಟ್ಟು ಬಿಳಿ ಮಚ್ಚೆ, ಕೆಂಪು ಮಚ್ಚೆ, ಮಾಯದ ಹುಣ್ಣು ಇದೆಯೇ ಎಂದು ನೋಡುತ್ತಾರೆ. ಸ್ತನದಲ್ಲಿ ಗಂಟು ಇದೆಯೇ ಎಂದು ತರಬೇತಿ ಪಡೆದ ದಾದಿ ಕೈಯಿಂದ ಮುಟ್ಟಿ ನೋಡುತ್ತಾಳೆ. ಗರ್ಭಕಂಠಕ್ಕೆ ವಿನೆಗರಿನಂಥ ಹುಳಿ ದ್ರಾವಣವನ್ನು ಸವರಿ ಒಂದು ನಿಮಿಷ ಕಾದು, ಬಿಳಿಚಿಕೊಂಡ ಭಾಗವಿದೆಯೇ ಎಂದು ಬರಿಗಣ್ಣಿನಿಂದಲೇ ನೋಡುತ್ತಾರೆ. ಆಪರೇಷನ್ ಇಲ್ಲ, ಆಸ್ಪತ್ರೆಯಲ್ಲಿ ಮಲಗುವ ಅಗತ್ಯವಿಲ್ಲ.

ಹಾಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ 1.9. ಸ್ತನದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ, ಕೇವಲ 0.9. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ ಇಟ್ಟುಕೊಂಡ ಗುರಿಯಂತೆ 2030ರ ವೇಳೆಗೆ ನೂರಕ್ಕೆ 70 ಮಹಿಳೆಯರು 35ರ ವಯಸ್ಸಿನೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡಿರಬೇಕು. ಎಪ್ಪತ್ತೆಲ್ಲಿ, ಎರಡೆಲ್ಲಿ!

ಏಕೆ ಹೀಗೆ? ಹೆಂಗಸರಿಗೆ ಅಜ್ಞಾನ, ಸಂಕೋಚ, ಹೆದರಿಕೆ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಅದೂ ಉಂಟು, ಇಲ್ಲವೆನ್ನಲಾಗದು. ಆದರೆ ಇನ್ನೊಂದು ಕಾರಣ ನಮ್ಮ ಬೀದಿಯಲ್ಲಿಯೇ ಇದೆ. ಅದು ದಾರಿ, ಹೊತ್ತು, ಕೂಲಿ.

ಜಾಲಹಳ್ಳಿಯ ಹಳಬರು ಹಿಂದಿನ ದಿನಗಳನ್ನು ನೆನೆದುಕೊಳ್ಳಬಹುದು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅವುಗಳೊಂದಿಗೆ ಕಾಲೊನಿ ಬಂದಿತು, ಶಾಲೆ ಬಂದಿತು, ಆಸ್ಪತ್ರೆ ಬಂದಿತು, ನೌಕರರನ್ನು ಕರೆದೊಯ್ಯುವ ಕಂಪನಿ ಬಸ್ಸು ಬಂದಿತು. ಕಾರ್ಖಾನೆಯ ನೌಕರನ ಹೆಂಡತಿಗೆ ಆಸ್ಪತ್ರೆ ಎಂದರೆ ನಡೆದು ಹೋಗಿ ಬರುವ ಜಾಗವಾಗಿತ್ತು. ಇಂದು ಅಬ್ಬಿಗೆರೆ, ಕಮ್ಮಗೊಂಡನಹಳ್ಳಿ, ಶೆಟ್ಟಿಹಳ್ಳಿ, ದಾಸರಹಳ್ಳಿಗಳ ಬಾಡಿಗೆ ಮನೆಗಳಲ್ಲಿರುವ ಹೆಣ್ಣುಮಕ್ಕಳು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವವರು, ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸ ಮಾಡುವವರು, ಬೀದಿ ಗುಡಿಸುವವರು, ಗುತ್ತಿಗೆಯ ಮೇಲೆ ದುಡಿಯುವವರು. ಅವರ ಬೀದಿಗೆ ಕಂಪನಿಯ ಬಸ್ಸು ಬರುವುದಿಲ್ಲ, ಅವರ ಹೆಸರಿಗೆ ಕಂಪನಿಯ ಆಸ್ಪತ್ರೆ ಇಲ್ಲ.

ಕ್ಯಾನ್ಸರ್ ಎಂದೊಡನೆ ನಮ್ಮ ಜನರ ಬಾಯಲ್ಲಿ ಬರುವುದು ಕಿದ್ವಾಯಿ. ಅಲ್ಲಿಗೆ ಜಾಲಹಳ್ಳಿಯಿಂದ ಹೋಗುವುದೆಂದರೆ ನಗರವನ್ನೇ ದಾಟಬೇಕು. ಗಂಗಮ್ಮ ಸರ್ಕಲ್ಲಿನಲ್ಲಿ ಬಸ್ಸು ಹತ್ತಿ, ಯಶವಂತಪುರವನ್ನು ಹಾದು, ಮೆಜೆಸ್ಟಿಕ್ಕಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. 2015ರಲ್ಲಿ ನಮ್ಮ ಕಡೆಗೆ ಮೆಟ್ರೋ ಬಂದದ್ದು ದೊಡ್ಡ ಉಪಕಾರವೇ. ಆದರೆ ಜಾಲಹಳ್ಳಿ ಎಂಬ ಹೆಸರಿನ ನಿಲ್ದಾಣವಿರುವುದು ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲಿ. ಅಲ್ಲಿಯವರೆಗೆ ಹೋಗುವುದಕ್ಕೇ ಬಸ್ಸೋ ಆಟೋವೋ ಬೇಕು. ಲಾಲ್‌ಬಾಗಿನಲ್ಲಿ ಇಳಿದ ಮೇಲೆ ಮತ್ತೊಂದು ಆಟೋ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರವೂ ಏರಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಾಡಿನ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಉಳಿಯಿತು. ಅದಕ್ಕಾಗಿ ಕೃತಜ್ಞರಾಗಿರೋಣ. ಆದರೆ ಬಸ್ಸಿನಲ್ಲಿ ಕಳೆದ ಹೊತ್ತನ್ನು ಯಾರೂ ಹಿಂದಿರುಗಿಸುವುದಿಲ್ಲ, ಹೋದ ದಿನದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ.

ನೋವಿದ್ದರೆ ಹೇಗೋ ಹೋಗುತ್ತಾರೆ. ಸಾಲ ಮಾಡಿಯಾದರೂ ಹೋಗುತ್ತಾರೆ. ತಪಾಸಣೆಗೆ ಹೋಗಬೇಕಾದವಳು ಆರೋಗ್ಯವಾಗಿಯೇ ಇದ್ದಾಳೆ. ಅವಳಿಗೆ ನೋವಿಲ್ಲ, ಜ್ವರವಿಲ್ಲ, ಕೈತುಂಬ ಕೆಲಸವಿದೆ. ಏನೂ ಆಗಿಲ್ಲದ ದೇಹವನ್ನು ತೋರಿಸಿಕೊಂಡು ಬರಲು ಒಂದು ದಿನದ ಕೂಲಿಯನ್ನು ಬಿಟ್ಟು, ಎರಡು ಬಸ್ಸು ಬದಲಿಸಿ, ಸಾಲಿನಲ್ಲಿ ನಿಂತು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರಬೇಕು. ಯಾವ ತಾಯಿ ಹೋಗುತ್ತಾಳೆ? ಮುಂದಿನ ತಿಂಗಳು ನೋಡೋಣ ಎನ್ನುತ್ತಾಳೆ. ಆ ಮುಂದಿನ ತಿಂಗಳು ಬರುವುದೇ ಇಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲ್ವೆ ಇಲಾಖೆ ಪ್ರಯಾಣದಲ್ಲಿ ರಿಯಾಯಿತಿ ಕೊಡುತ್ತದೆ. ಅದು ಒಳ್ಳೆಯ ಕೆಲಸವೇ. ಆದರೆ ಆ ರಿಯಾಯಿತಿ ದೊರೆಯುವುದು ರೋಗ ಬಂದ ಮೇಲೆ. ರೋಗ ಬಾರದಂತೆ ನೋಡಿಕೊಳ್ಳಲು ಹೊರಟವಳ ದಾರಿಖರ್ಚನ್ನು ನೋಡಿಕೊಳ್ಳುವವರು ಯಾರು?

ಮೊದಲ ತಪಾಸಣೆಗೆ ಕಿದ್ವಾಯಿಗೇ ಹೋಗಬೇಕಾಗಿಲ್ಲ ಎಂಬುದನ್ನು ನಾವು ಮನೆಮನೆಗೆ ತಿಳಿಸಬೇಕು. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನಡೆಯಬೇಕಾದ ಕೆಲಸ. ನಗರದಲ್ಲಿ ನಮ್ಮ ಕ್ಲಿನಿಕ್‌ಗಳೂ ತೆರೆದಿವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಎಲ್ಲಿ ತಪಾಸಣೆ ಇದೆಯೆಂದು ವಿಚಾರಿಸಿ ಹೇಳುತ್ತಾಳೆ. ಆದರೆ ಕ್ಲಿನಿಕ್ ತೆರೆದಿರುವ ಹೊತ್ತಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಗಳು ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾಳೆ. ಬಾಗಿಲು ತೆರೆದೇ ಇದೆ, ಒಳಗೆ ಹೋಗಲಾಗುತ್ತಿಲ್ಲ. ಕಫೆರ್ನವುಮಿನ ಮನೆಯ ಕಥೆಯೂ ಇದೇ ಅಲ್ಲವೇ?

ಹಾಗಾದರೆ ಮೇಲ್ಛಾವಣಿಯನ್ನು ಬಿಚ್ಚಬೇಕು. ಬಿಚ್ಚಿದವರೂ ಇದ್ದಾರೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 1998ರಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರು ಅದರಲ್ಲಿ ಸೇರಿದ್ದರು. ಹತ್ತನೇ ತರಗತಿಯವರೆಗೆ ಓದಿದ ಹೆಣ್ಣುಮಕ್ಕಳಿಗೆ ಕೆಲವು ವಾರಗಳ ತರಬೇತಿ ಕೊಟ್ಟು, ಮಹಿಳೆಯರು ವಾಸಿಸುವ ಕಡೆಯಲ್ಲಿಯೇ ಎರಡು ವರ್ಷಕ್ಕೊಮ್ಮೆ ಆ ಹುಳಿ ದ್ರಾವಣದ ತಪಾಸಣೆ ಮಾಡಿಸಿದರು. ಹೀಗೆ ತಪಾಸಣೆ ಪಡೆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತೆಂದು 2013ರಲ್ಲಿ ಅವರು ಲೋಕಕ್ಕೆ ತಿಳಿಸಿದರು. ದುಬಾರಿ ಯಂತ್ರ ಬೇಕಾಗಲಿಲ್ಲ. ತಪಾಸಣೆ ಹೆಂಗಸಿನ ಮನೆಯ ಹತ್ತಿರಕ್ಕೆ ಹೋಯಿತು, ಬಿಡದೆ ಮತ್ತೆ ಮತ್ತೆ ಹೋಯಿತು.

ಪ್ರಿಯರೇ, ಜಾಲಹಳ್ಳಿಯಲ್ಲಿ ನಾವು ಏನು ಮಾಡಬಹುದು? ಆ ಹಾಸಿಗೆಗೆ ನಾಲ್ಕು ಮೂಲೆಗಳಿದ್ದವು. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಒಬ್ಬನೇ ಎಳೆದಿದ್ದರೆ ರೋಗಿ ನೆಲಕ್ಕೆ ಬೀಳುತ್ತಿದ್ದ.

ಮೊದಲನೆಯ ಮೂಲೆ, ವಾಹನ. ನಮ್ಮ ಧರ್ಮಕೇಂದ್ರದಲ್ಲಿ ಆಟೋ ಓಡಿಸುವ ಸಹೋದರರಿದ್ದಾರೆ. ಭಾನುವಾರ ಪೂಜೆಗೆ ಬಂದು ದೇವಾಲಯದ ಅಂಗಳದಲ್ಲಿ ನಿಲ್ಲುವ ಕಾರುಗಳಿಗೂ ಲೆಕ್ಕವಿಲ್ಲ. ತಿಂಗಳಿಗೆ ಒಂದು ದಿನ, ಒಂದು ಸವಾರಿ. ನಡೆಯಲಾಗದ ಅಜ್ಜಿಯನ್ನು, ಬಸ್ಸು ಹತ್ತಲಾಗದ ಅಂಗವಿಕಲ ಸಹೋದರಿಯನ್ನು ತಪಾಸಣೆಗೆ ಕರೆದೊಯ್ದು ಮನೆಗೆ ಬಿಡುವುದು. ಲೂರ್ದಿನ ಸ್ವಯಂಸೇವಕರು ಮಾಡುವುದು ಇದನ್ನೇ.

ಎರಡನೆಯ ಮೂಲೆ, ಹೊತ್ತು ಮತ್ತು ಕೂಲಿ. ನಮ್ಮಲ್ಲಿ ಅನೇಕರ ಮನೆಗೆ ಕೆಲಸದವರು ಬರುತ್ತಾರೆ. ನಮ್ಮಲ್ಲಿ ಕೆಲವರು ಸಣ್ಣ ಕಾರ್ಖಾನೆ, ಅಂಗಡಿ ನಡೆಸುತ್ತಾರೆ. ನಮ್ಮ ಕೈಕೆಳಗೆ ದುಡಿಯುವ ಪ್ರತಿ ಹೆಣ್ಣುಮಗಳಿಗೂ ಐದು ವರ್ಷಕ್ಕೊಮ್ಮೆ ತಪಾಸಣೆಗೆಂದು ಅರ್ಧ ದಿನ ರಜೆ ಕೊಟ್ಟು ಸಂಬಳ ಹಿಡಿಯದಿರೋಣ. ಐದು ವರ್ಷದಲ್ಲಿ ಅರ್ಧ ದಿನ! ನಮ್ಮ ಪಾತ್ರೆ ಒಂದು ಹೊತ್ತು ತೊಳೆಯದೆ ಉಳಿದರೆ ಆಕಾಶ ಬೀಳುವುದಿಲ್ಲ. ರಜೆ ಸಿಗದ ಗಾರ್ಮೆಂಟ್ಸ್ ಸಹೋದರಿಯರಿಗೆ ಉಳಿಯುವುದು ಭಾನುವಾರ. ಪರದೆ ಕಟ್ಟಿದ ಒಂದು ಕೋಣೆ, ಒಂದು ಮಂಚ, ಒಳ್ಳೆಯ ಬೆಳಕು, ಕೈತೊಳೆಯಲು ನೀರು – ಶಿಬಿರಕ್ಕೆ ಜಾಗದ ಕಡೆಯಿಂದ ಬೇಕಾದದ್ದು ಇಷ್ಟೇ. ಅದು ನಮ್ಮ ಸಭಾಂಗಣದಲ್ಲಿದೆ, ಶಾಲೆಯ ಕೋಣೆಗಳಲ್ಲಿದೆ. ಆರೋಗ್ಯ ಕೇಂದ್ರದವರೊಡನೆ, ನಮ್ಮ ಆಸ್ಪತ್ರೆಗಳ ಕನ್ಯಾಭಗಿನಿಯರೊಡನೆ ಮಾತಾಡಿ ದಾದಿಯರನ್ನು ಕರೆಸುವುದು ನಮ್ಮ ಕೆಲಸ. ಕಫೆರ್ನವುಮಿನ ಮನೆಯ ಯಜಮಾನ ತನ್ನ ಮಾಳಿಗೆ ಹಾಳಾಯಿತೆಂದು ದೂರಿದ ಮಾತು ಶುಭಸಂದೇಶದಲ್ಲಿಲ್ಲ. ನಮ್ಮ ಸಭಾಂಗಣದ ನೆಲ ಕೊಳೆಯಾಗುತ್ತದೆಂದು ನಾವೂ ದೂರದಿರೋಣ. ಆ ದಿನ ಬಾಗಿಲು ಎಲ್ಲರಿಗೂ ತೆರೆದಿರಲಿ. ಜಾತಿ ಮತ ಭಾಷೆ ಯಾವುದನ್ನೂ ಕೇಳದಿರೋಣ.

ಮೂರನೆಯ ಮೂಲೆ, ಜೊತೆ. ಎಷ್ಟೋ ಹೆಣ್ಣುಮಕ್ಕಳಿಗೆ ಬಸ್ಸಿಗಿಂತ ಹೆಚ್ಚಾಗಿ ಬೇಕಾಗಿರುವುದು ಪಕ್ಕದಲ್ಲಿ ಕೂರುವ ಒಬ್ಬಳು. ಊರಿಂದ ಬಂದು ಇಲ್ಲಿ ನೆಲೆಸಿದವರಿಗೆ ತಾಯಿ ಇಲ್ಲ, ಅಕ್ಕ ಇಲ್ಲ. ಆಸ್ಪತ್ರೆಯ ಚೀಟಿ ಓದಲು, ಯಾವ ಕಿಟಕಿಗೆ ಹೋಗಬೇಕೆಂದು ತಿಳಿಯಲು, ಮಗುವನ್ನು ಹಿಡಿದುಕೊಳ್ಳಲು ಯಾರೂ ಇಲ್ಲ. ನಮ್ಮ ಕಿರು ಕ್ರೈಸ್ತ ಸಮುದಾಯಗಳ ತಾಯಂದಿರೇ, ಜಪಸರ ಹೇಳಲು ಮನೆಯಿಂದ ಮನೆಗೆ ಹೋಗುವ ನೀವು ಒಬ್ಬಳನ್ನು ಕೈಹಿಡಿದು ಕರೆದೊಯ್ದರೆ ಅದೂ ಒಂದು ಜಪಸರವೇ. ಮಾತೆ ಮರಿಯಮ್ಮನವರು ಗರ್ಭಿಣಿಯಾಗಿದ್ದ ಎಲಿಜಬೇತಮ್ಮನ ಜೊತೆಗಿರಲು ಬೆಟ್ಟದ ಸೀಮೆಗೆ ಅವಸರದಿಂದ ಹೋದದ್ದನ್ನು ನೆನಪಿಸಿಕೊಳ್ಳಿ. ಗಂಡಸರಿಗೂ ಒಂದು ಮಾತು. ಗುಟ್ಕಾ, ಹೊಗೆಸೊಪ್ಪು, ಬೀಡಿ ಬಿಡದ ಸಹೋದರರು ಮೊದಲು ತಾವೇ ಬಾಯಿ ತೆರೆದು ತೋರಿಸಿಕೊಳ್ಳಲಿ. ಆಮೇಲೆ ಮನೆಯಾಕೆಗೆ ಹೋಗಿ ಬಾ ಎನ್ನುವುದಕ್ಕಿಂತ ಹೋಗೋಣ ಬಾ ಎನ್ನಲಿ.

ನಾಲ್ಕನೆಯ ಮೂಲೆಯನ್ನು ಹಿಡಿಯುವವರು ಕಡಿಮೆ. ಅದು ಎರಡನೆಯ ಪಯಣ. ಶಿಬಿರದಲ್ಲಿ ನೂರು ಮಂದಿಯನ್ನು ನೋಡಿ ಕೆಲವರಿಗೆ ಸಂಶಯವಿದೆ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಕೊಡುತ್ತಾರೆ. ಫೋಟೋ ತೆಗೆಯುತ್ತಾರೆ, ಶಿಬಿರ ಮುಗಿಯುತ್ತದೆ. ಆ ಚೀಟಿ ಹಿಡಿದವಳ ಎದುರಿಗೆ ಮತ್ತೆ ಅದೇ ಎರಡು ಬಸ್ಸು, ಅದೇ ಕೂಲಿ, ಈಗ ಅದರ ಜೊತೆಗೆ ಭಯ. ಸಂಶಯವೆಂದರೆ ಕ್ಯಾನ್ಸರ್ ಎಂದಲ್ಲ, ಇನ್ನೊಮ್ಮೆ ಸರಿಯಾಗಿ ನೋಡಬೇಕು ಎಂದಷ್ಟೇ ಅರ್ಥ. ಇದನ್ನು ಹೇಳುವವರಿಲ್ಲದಿದ್ದರೆ ಅವಳು ಚೀಟಿಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕುತ್ತಾಳೆ. ಹಾಗಾದರೆ ನಮ್ಮ ಶಿಬಿರದಿಂದ ಅವಳಿಗೆ ಸಿಕ್ಕಿದ್ದು ನಿದ್ದೆಯಿಲ್ಲದ ರಾತ್ರಿಗಳು ಮಾತ್ರ. ಆದ್ದರಿಂದ ಎರಡನೆಯ ಪಯಣಕ್ಕೆ ವಾಹನ, ಜೊತೆ, ಹಣ ಗೊತ್ತುಮಾಡಿಕೊಂಡ ಮೇಲೆಯೇ ನಾವು ಮೊದಲನೆಯ ತಪಾಸಣೆಯ ದಿನವನ್ನು ಪ್ರಕಟಿಸೋಣ. ಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕಾಗಿ ಎತ್ತಿಡೋಣ. ಪಟಾಕಿಯ ಸದ್ದು ಸ್ವಲ್ಪ ಕಡಿಮೆಯಾದರೆ ಮಾತೆ ಮರಿಯಮ್ಮನವರು ಬೇಸರ ಪಡುವುದಿಲ್ಲ.

ಇಷ್ಟರಿಂದ ಎಲ್ಲವೂ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ತಪಾಸಣೆಯ ದಿನಗಳು ದುಡಿಯುವ ಜನರ ಬಿಡುವಿಗೆ ಹೊಂದಬೇಕು, ಆಸ್ಪತ್ರೆಗಳಿಗೆ ನೇರ ಬಸ್ಸುಗಳು ಬೇಕು. ಅವನ್ನು ಆಳುವವರಲ್ಲಿ ಕೇಳುವ ಹಕ್ಕು ನಮಗಿದೆ, ಕೇಳೋಣ. ಆದರೆ ಕೇಳಿದ್ದು ಸಿಗುವವರೆಗೆ ಹಾಸಿಗೆಯನ್ನು ನೆಲದ ಮೇಲೆ ಬಿಟ್ಟು ಕಾಯುವುದು ಬೇಡ.

ಗುಣ ಹೊಂದಿದ ಆ ಮನುಷ್ಯ ಪ್ರಭುವಿನ ಮಾತಿನಂತೆ ಎದ್ದು, ತನ್ನ ಹಾಸಿಗೆಯನ್ನು ತಾನೇ ಎತ್ತಿಕೊಂಡು ಎಲ್ಲರ ಕಣ್ಣೆದುರೇ ನಡೆದು ಹೋದ. ಬರುವಾಗ ನಾಲ್ವರು ಬೇಕಾಗಿತ್ತು, ಹೋಗುವಾಗ ಯಾರೂ ಬೇಕಾಗಲಿಲ್ಲ. ಆ ನಾಲ್ವರ ಹೆಸರು ನಮಗೆ ಗೊತ್ತಿಲ್ಲ, ಅವರಿಗೆ ಯಾರಾದರೂ ವಂದನೆ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಪ್ರಭು ಅವರ ವಿಶ್ವಾಸವನ್ನು ನೋಡಿದರು ಎಂಬುದು ಗೊತ್ತು, ಅಷ್ಟು ಸಾಕು.

ಈ ಬಲಿಪೂಜೆಯಲ್ಲಿ ಕ್ಯಾನ್ಸರಿನಿಂದ ನರಳುತ್ತಿರುವ ನಮ್ಮ ಸಹೋದರ ಸಹೋದರಿಯರನ್ನು, ಅವರ ಆರೈಕೆಯಲ್ಲಿರುವವರನ್ನು, ತಡವಾಗಿ ಆಸ್ಪತ್ರೆ ಸೇರಿ ನಮ್ಮನ್ನು ಅಗಲಿದವರನ್ನು ಪೀಠದ ಮೇಲೆ ಅರ್ಪಿಸೋಣ. ಲೂರ್ದು ಮಾತೆ ಮರಿಯಮ್ಮನವರು ತಮ್ಮ ಮಗನ ಬಳಿ ನಮಗಾಗಿ ಬೇಡಲಿ. ನಮ್ಮ ಬೀದಿಯಲ್ಲಿ ಒಬ್ಬ ಹೆಣ್ಣುಮಗಳೂ ತನ್ನನ್ನು ಕರೆದೊಯ್ಯುವವರಿಲ್ಲವೆಂದು ಹೇಳದಂತೆ ನಮ್ಮ ಕೈಗಳಿಗೆ ಬಲ ಬರಲಿ.

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.